ಅನುದಾನ ತಪ್ಪುವುದು ಬುದ್ಧಿ ಸಾಲದೆ ಅಲ್ಲ, ತಾರೀಖು ತಪ್ಪಿ

ಮಾನ್ಯ ಸಂಪಾದಕರೇ,

ಮಲೆನಾಡಿನ ಕಾಲೇಜು, ವಿಶ್ವವಿದ್ಯಾಲಯಗಳ ಮೇಷ್ಟರುಗಳಿಗೆ ಸಂಶೋಧನೆ ಬೇಕಿಲ್ಲ, ಸಂಬಳ ಬಂದರೆ ಸಾಕು ಎಂಬ ಮಾತು ಸಭೆಗಳಲ್ಲೂ ಪತ್ರಿಕೆಗಳ ಓದುಗರ ಅಂಕಣದಲ್ಲೂ ಆಗಾಗ ಕೇಳಿಬರುತ್ತದೆ. ಸಂಶೋಧನಾ ಪ್ರಸ್ತಾವನೆ ತಿದ್ದುವುದು, ಮಂಜೂರಾದ ಹಣದ ಲೆಕ್ಕ ಒಪ್ಪಿಸುವುದು ನಮ್ಮ ದಿನನಿತ್ಯದ ಕೆಲಸ. ಅರ್ಜಿಯೇ ಹಾಕದವರು ಇದ್ದಾರೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಹಾಕಿದವರ ಅರ್ಜಿಗಳು ವಾಪಸ್ ಬರುವ ಕಾರಣ ನೋಡಿದರೆ ವಿಜ್ಞಾನ ಸರಿಯಿಲ್ಲ ಎಂದು ಬಿದ್ದವು ಕಡಿಮೆ. ತಪ್ಪು ಯೋಜನೆಗೆ ಹಾಕಿದ್ದು, ಕೂಡದ ಬಜೆಟ್, ಸಂಸ್ಥೆಯ ಸಹಿಯಿಲ್ಲದ ಒಪ್ಪಿಗೆ ಪತ್ರ, ಕಳೆದುಹೋದ ಮಳೆಗಾಲ. ಹೆಚ್ಚಿನವು ಬೀಳುವುದು ಇಲ್ಲೇ.

ಮೊದಲು ಯಾರ ಬಾಗಿಲು ತಟ್ಟಬೇಕೆಂಬುದು. ಎಸ್‌ಇಆರ್‌ಬಿ ಎಂದು ಎಲ್ಲರ ಬಾಯಲ್ಲಿದ್ದ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ ಈಗ ಇಲ್ಲ. 2023ರ ಕಾಯ್ದೆಯಡಿ ಬಂದ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ, ಅಂದರೆ ಎಎನ್‌ಆರ್‌ಎಫ್, ಅದನ್ನು ಒಳಗೆ ಸೇರಿಸಿಕೊಂಡಿದೆ. ಹಳೆಯ ಹೆಸರಿನ ನಮೂನೆ ತುಂಬಿ ಕಳಿಸುವವರು ಈಗಲೂ ಸಿಗುತ್ತಾರೆ. ಕೆಲಸಕ್ಕೆ ಸೇರಿ ಹೆಚ್ಚು ವರ್ಷವಾಗದ ಅಧ್ಯಾಪಕರಿಗೆ ಅಲ್ಲಿ ಪ್ರಧಾನಮಂತ್ರಿ ಆರಂಭಿಕ ವೃತ್ತಿ ಅನುದಾನವಿದೆ: ಮೂರು ವರ್ಷಕ್ಕೆ 60 ಲಕ್ಷ ರೂಪಾಯಿವರೆಗೆ, ಸಂಸ್ಥೆಯ ಮೇಲ್ವೆಚ್ಚ ಬೇರೆ. ಗಣಿತದವರಿಗೆ ಮ್ಯಾಟ್ರಿಕ್ಸ್: ವರ್ಷಕ್ಕೆ 2 ಲಕ್ಷದಂತೆ ಮೂರು ವರ್ಷ. ಮೊತ್ತ ಸಣ್ಣದೆಂದು ಅದನ್ನು ಕಡೆಗಣಿಸುವ ಗಣಿತ ವಿಭಾಗಗಳಿವೆ. ಯಂತ್ರ ಬೇಡದ, ಪುಸ್ತಕ ಮತ್ತು ಪ್ರಯಾಣ ಸಾಕಾಗುವ ವಿಷಯಕ್ಕೆ ಇಷ್ಟು ಹಗುರವಾದ ಲೆಕ್ಕಪತ್ರದ ಹಣ ಬೇರೆಲ್ಲೂ ಸಿಗುವುದಿಲ್ಲ. 'ಪೇರ್' ಎಂಬ ಯೋಜನೆಯಲ್ಲಿ ಒಂದು ದೊಡ್ಡ ಸಂಸ್ಥೆ ಹಬ್ ಆಗಿ, ಬೆಳೆಯಬೇಕಾದ ವಿಶ್ವವಿದ್ಯಾಲಯಗಳನ್ನು ಜೊತೆಗೆ ಕಟ್ಟಿಕೊಂಡು ಹೋಗುತ್ತದೆ. ಅದಕ್ಕೆ ಒಬ್ಬ ಅಧ್ಯಾಪಕ ಅರ್ಜಿ ಹಾಕಿ ಪ್ರಯೋಜನವಿಲ್ಲ, ವಿಶ್ವವಿದ್ಯಾಲಯವೇ ಮುಂದೆ ನಿಲ್ಲಬೇಕು.

ಯುಜಿಸಿಯ ಹಳೆಯ ಕಿರು ಮತ್ತು ಬೃಹತ್ ಸಂಶೋಧನಾ ಯೋಜನೆಗಳಿಗೆ ಈಗ ಕರೆ ಬರುತ್ತಿಲ್ಲ. 2022ರ ಶಿಕ್ಷಕರ ದಿನದಂದು ಪ್ರಕಟವಾದ ಹೊಸ ಯೋಜನೆಗಳಲ್ಲಿ ಎರಡು ನೇರವಾಗಿ ಅಧ್ಯಾಪಕರಿಗೆ ಸೇರಿದವು. ಹೊಸದಾಗಿ ನೇಮಕವಾದವರಿಗೆ ಡಿ.ಎಸ್. ಕೊಠಾರಿ ಹೆಸರಿನ ಅನುದಾನ, ಪಿಎಚ್‌ಡಿ ಮಾರ್ಗದರ್ಶನ ಮಾಡಿ ಯೋಜನೆ ಮುಗಿಸಿದ ಅನುಭವಿಗಳಿಗೆ ಸೇವಾನಿರತರ ಅನುದಾನ. ಎರಡೂ ಎರಡು ವರ್ಷಕ್ಕೆ 10 ಲಕ್ಷ. ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯಡಿ ಅನುದಾನ ಕೊಡುವ ವಿಷನ್ ಗ್ರೂಪ್, ಅಂದರೆ ವಿಜಿಎಸ್‌ಟಿಯನ್ನು ನಮ್ಮ ಪ್ರಥಮ ದರ್ಜೆ ಕಾಲೇಜುಗಳು ಹೆಚ್ಚು ಬಳಸಬೇಕು. ವಿಭಾಗದ ಲ್ಯಾಬ್ ಕಟ್ಟಿಕೊಳ್ಳಲು ಅದರ ಕೆ-ಫಿಸ್ಟ್, ಯುವ ಅಧ್ಯಾಪಕರಿಗೆ ಅದರ ಬೀಜಧನ ಯೋಜನೆ ಇವೆ, ಮತ್ತು ಸ್ಪರ್ಧೆ ರಾಜ್ಯದೊಳಗೇ. ಸಮಾಜ ವಿಜ್ಞಾನಕ್ಕೆ ಐಸಿಎಸ್‌ಎಸ್‌ಆರ್, ವೈದ್ಯಕೀಯಕ್ಕೆ ಐಸಿಎಂಆರ್ ಎಲ್ಲರಿಗೂ ಗೊತ್ತಿರುವ ಹೆಸರುಗಳು.

ಇಲ್ಲಿ ಒಂದು ಕಹಿ ಮಾತು. ಇವುಗಳಲ್ಲಿ ಬಹುಪಾಲು ಕಾಯಂ ಹುದ್ದೆಯವರಿಗೆ ಮಾತ್ರ. ನಮ್ಮ ಭಾಗದ ಎಷ್ಟೋ ವಿಭಾಗಗಳು ನಡೆಯುತ್ತಿರುವುದೇ ಅತಿಥಿ ಉಪನ್ಯಾಸಕರಿಂದ, ಅವರು ಪ್ರಧಾನ ಸಂಶೋಧಕರಾಗಲು ಬರುವುದಿಲ್ಲ. ಪಿಎಚ್‌ಡಿ ಆಗಿರುವ ಮಹಿಳೆಯರು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ (ಡಿಎಸ್‌ಟಿ) ವೈಸ್-ಪಿಡಿಎಫ್ ಎಂಬ ಪಿಎಚ್‌ಡಿ ನಂತರದ ಫೆಲೋಶಿಪ್ ನೋಡಬೇಕು. ಅದು ಕಾಯಂ ಕೆಲಸವಿಲ್ಲದ ಮಹಿಳೆಯರಿಗಾಗಿಯೇ ಇರುವ ಯೋಜನೆ, ವಯೋಮಿತಿಯೂ ಉದಾರ. ಕಾಲೇಜುಗಳು ಇನ್ನೊಂದನ್ನು ನೋಡಿಕೊಳ್ಳಬೇಕು. ಯುಜಿಸಿ ಕಾಯ್ದೆಯ 2(ಎಫ್) ಮಾನ್ಯತೆ ಇದ್ದು 12(ಬಿ) ಇಲ್ಲದ ಕಾಲೇಜುಗಳು ಇವೆ. ಕೇಂದ್ರದ ಅನುದಾನಕ್ಕೆ ಬೇಕಾಗುವುದು ಎರಡನೆಯದು. ಅರ್ಜಿಯ ಕೊನೆಯ ದಿನ ಇದು ಗೊತ್ತಾದರೆ ಮಾಡುವುದೇನೂ ಇಲ್ಲ.

ಈಗ ಅರ್ಜಿಯ ಒಳಗೆ ಬರೋಣ. ಪರಿಶೀಲಕ ಮೊದಲು ನೋಡುವುದು ಸಾರಾಂಶ, ಆಮೇಲೆ ಉದ್ದೇಶಗಳು. ಅಲ್ಲಿ 'ಮಲೆನಾಡಿನ ಅಡಿಕೆ ರೋಗಗಳ ಸಮಗ್ರ ಅಧ್ಯಯನ' ಎಂದಿದ್ದರೆ ಅವರ ಓದು ಅಲ್ಲಿಗೇ ನಿಂತಂತೆ. ಸಮಗ್ರ ಎಂಬ ಪದವನ್ನು ಪ್ರಸ್ತಾವನೆಯಿಂದ ಗಡೀಪಾರು ಮಾಡಬೇಕು. ಅದೇ ವಿಷಯವನ್ನು ಹೀಗೆ ಬರೆಯಬಹುದು: 'ತೀರ್ಥಹಳ್ಳಿ ಮತ್ತು ಹೊಸನಗರ ತಾಲ್ಲೂಕುಗಳ 24 ತೋಟಗಳಲ್ಲಿ, ಎರಡು ಮಳೆಗಾಲ, ಸೋಗೆ ಒದ್ದೆಯಾಗಿರುವ ಗಂಟೆಗಳನ್ನು ಸೆನ್ಸರ್ ಇಟ್ಟು ಅಳೆದು, ಎಲೆಚುಕ್ಕಿ ಮೊದಲು ಕಾಣಿಸುವ ದಿನಕ್ಕೂ ಅದಕ್ಕೂ ಇರುವ ನಂಟನ್ನು ಕಂಡುಹಿಡಿಯುವುದು.' ಎಲ್ಲಿ, ಎಷ್ಟು, ಯಾವಾಗ, ಏನನ್ನು ಅಳೆಯುತ್ತಾರೆ ಎಂಬುದು ಒಂದೇ ವಾಕ್ಯದಲ್ಲಿದೆ. ಎಲೆಚುಕ್ಕಿ ಶಿಲೀಂಧ್ರದಿಂದ ಬರುವುದು, ಶಿಲೀಂಧ್ರ ಮೊಳೆಯಲು ಒದ್ದೆ ಬೇಕು. ಹಾಗಾಗಿ ಅಳತೆಗೂ ಕಾರಣಕ್ಕೂ ಸಂಬಂಧವಿದೆ. ಇಂಥ ಮೂರು ಉದ್ದೇಶ ಸಾಕು. ಏಳೆಂಟು ಬರೆದವರನ್ನು ಕಂಡರೆ ಪರಿಶೀಲಕರಿಗೆ ಹುಟ್ಟುವುದು ಗೌರವವಲ್ಲ, ಅನುಮಾನ.

24 ತೋಟ ಯಾಕೆ, 10 ಯಾಕಲ್ಲ ಎಂದು ಕೇಳಿಯೇ ಕೇಳುತ್ತಾರೆ. ಒಂದು ಮಳೆಗಾಲ ಎರಡು ತೋಟದಲ್ಲಿ ಕೈಯಿಂದ ದುಡ್ಡು ಹಾಕಿ ತೆಗೆದ ಪ್ರಾಥಮಿಕ ದತ್ತಾಂಶವಿದ್ದರೆ ಅದರ ಏರಿಳಿತದಿಂದಲೇ ಮಾದರಿಯ ಸಂಖ್ಯೆ ಲೆಕ್ಕ ಹಾಕಿ ತೋರಿಸಬಹುದು. ಇಲ್ಲದಿದ್ದರೆ ಬಾಯಿಮಾತು. ವಿಶ್ವವಿದ್ಯಾಲಯಗಳು ತಮ್ಮ ಬೊಕ್ಕಸದಿಂದ ಐವತ್ತು ಸಾವಿರವೋ ಒಂದು ಲಕ್ಷವೋ ಬೀಜಧನ ಕೊಟ್ಟರೆ ಅದು ಇಂಥ ಪ್ರಾಥಮಿಕ ಕೆಲಸಕ್ಕೆ ಹೋಗಬೇಕು. ವಿಚಾರ ಸಂಕಿರಣದ ಬ್ಯಾನರು, ಊಟಕ್ಕಲ್ಲ.

ಬಜೆಟ್ಟಿನ ವಿಷಯ ಸ್ವಲ್ಪ ಬಿಡಿಸಿಯೇ ಹೇಳಬೇಕು. ಮೂರು ವರ್ಷಕ್ಕೆ 30 ಲಕ್ಷದ ಒಂದು ಯೋಜನೆ ಎಂದಿಟ್ಟುಕೊಳ್ಳಿ. ಕಿರಿಯ ಸಂಶೋಧಕರ ಫೆಲೋಶಿಪ್ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಹಿರಿಯರದ್ದು 42,000. ಹಳೆಯ 31,000ದ ಲೆಕ್ಕದಲ್ಲೇ ಬಜೆಟ್ ಹಾಕುವವರು ಇನ್ನೂ ಇದ್ದಾರೆ. ಶಿವಮೊಗ್ಗಕ್ಕೆ ಮನೆಬಾಡಿಗೆ ಭತ್ಯೆ ಶೇ 10ರಂತೆ ಸೇರಿಸಿದರೆ ಮೊದಲೆರಡು ವರ್ಷ ತಿಂಗಳಿಗೆ 40,700, ಹಿರಿಯರಾಗುವ ಮೂರನೆಯ ವರ್ಷ 46,200. ಒಟ್ಟು 15,31,200 ರೂಪಾಯಿ ಒಬ್ಬ ಸಂಶೋಧಕರಿಗೇ ಹೋಯಿತು. ಇನ್ನು 12 ಲಕ್ಷದ ಒಂದು ಉಪಕರಣ ಬೇಕೆನ್ನಿ. ಸರ್ಕಾರಿ ಹಣದಲ್ಲಿ ನಡೆಯುವ ಸಂಶೋಧನಾ ಸಂಸ್ಥೆಗಳಿಗೆ ವೈಜ್ಞಾನಿಕ ಉಪಕರಣದ ಮೇಲೆ ಇದ್ದ ಶೇ 5ರ ಜಿಎಸ್‌ಟಿ ರಿಯಾಯಿತಿ ದರ 2022ರ ಜುಲೈ 18ಕ್ಕೆ ರದ್ದಾಯಿತು. ಈಗ ಶೇ 18. ಅಂದರೆ 14,16,000. ಎರಡೂ ಕಳೆದರೆ ಉಳಿಯುವುದು 52,800 ರೂಪಾಯಿ. ಮೂರು ವರ್ಷದ ರಾಸಾಯನಿಕ, ಗಾಜಿನ ಸಾಮಾನು, ಜೀಪಿನ ಡೀಸೆಲ್, ತೋಟದ ಕೂಲಿ ಎಲ್ಲಕ್ಕೂ ತಿಂಗಳಿಗೆ ಸಾವಿರದ ಐನೂರು ರೂಪಾಯಿಯೂ ಇಲ್ಲ! ಪರಿಶೀಲಕರು ಕೂಡಿ ಕಳೆದು ನೋಡುವುದಿಲ್ಲ ಎಂದು ಯಾರೂ ತಿಳಿಯಬಾರದು. ಇಂಥ ಬಜೆಟ್ ಕಂಡರೆ ಇವರಿಗೆ ಬೇಕಾಗಿರುವುದು ಯಂತ್ರವೇ ಹೊರತು ಸಂಶೋಧನೆಯಲ್ಲ ಎಂದುಕೊಳ್ಳುತ್ತಾರೆ. ಪಕ್ಕದ ವಿಭಾಗದಲ್ಲೋ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದಲ್ಲೋ ಆ ಯಂತ್ರ ಇದ್ದರೆ, ಬಳಸಲು ಒಪ್ಪಿಗೆ ಪತ್ರ ಲಗತ್ತಿಸಿ, ಮಾದರಿಗಿಷ್ಟು ಎಂದು ಪರೀಕ್ಷಾ ಶುಲ್ಕ ಹಾಕಿಕೊಳ್ಳುವುದು ಜಾಣತನ.

ಮಲೆನಾಡಿಗೇ ಸೇರಿದ ಖರ್ಚುಗಳು ದೆಹಲಿಯ ನಮೂನೆಯಲ್ಲಿ ಇರುವುದಿಲ್ಲ, ನಾವೇ ಹಾಕಿಕೊಳ್ಳಬೇಕು. ಐವತ್ತು ಅಡಿ ಮೇಲಿನ ಅಡಿಕೆ ಸೋಗೆಯ ಮಾದರಿ ತೆಗೆಯುವುದು ಸಂಶೋಧನಾ ವಿದ್ಯಾರ್ಥಿಯ ಕೈಲಾಗುವ ಕೆಲಸವಲ್ಲ, ಅದಕ್ಕೆ ಮರ ಹತ್ತುವ ಕೊನೆಗೌಡರೇ ಬೇಕು ಇಲ್ಲವೇ ಫೈಬರ್ ದೋಟಿ ಬೇಕು. ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಯುವ ಹೊತ್ತಿನಲ್ಲಿ ಕೊನೆಗೌಡರು ಯಾರ ಕೈಗೂ ಸಿಗುವುದಿಲ್ಲ, ಕೂಲಿಯೂ ಹೆಚ್ಚು. 'ಕ್ಷೇತ್ರ ಸಹಾಯಕರ ದಿನಗೂಲಿ' ಎಂದು ಇದಕ್ಕೆ ಬೇರೆ ಸಾಲು ಬರೆದು, ದಿನ ಎಷ್ಟು, ದರ ಎಷ್ಟು, ಯಾಕೆ ಎಂದು ಎರಡು ವಾಕ್ಯದ ವಿವರಣೆ ಕೊಟ್ಟರೆ ಒಪ್ಪುತ್ತಾರೆ. ಸಾದಿಲ್ವಾರಿನಲ್ಲಿ ತೂರಿಸಿದರೆ ಆಡಿಟ್‌ನಲ್ಲಿ ಸಿಕ್ಕಿಬೀಳುತ್ತದೆ.

ಸೂಕ್ಷ್ಮದರ್ಶಕದ ಕಥೆ ಇನ್ನೊಂದು. ಜೂನ್‌ನಲ್ಲಿ ಹೊದಿಕೆ ಹಾಕಿ ಮುಚ್ಚಿಟ್ಟ ಸೂಕ್ಷ್ಮದರ್ಶಕವನ್ನು ಸೆಪ್ಟೆಂಬರ್‌ನಲ್ಲಿ ತೆರೆದರೆ ಲೆನ್ಸಿನ ಒಳಮೈಯಲ್ಲಿ ಜೇಡರ ಬಲೆಯಂತೆ ಬೂಷ್ಟು ಹಬ್ಬಿರುತ್ತದೆ. ಒರೆಸಿದರೆ ಹೋಗುವುದಿಲ್ಲ, ಅದು ಗಾಜಿನ ಲೇಪವನ್ನೇ ತಿಂದಿರುತ್ತದೆ. ಪ್ಲಾಸ್ಟಿಕ್ ಹೊದಿಕೆ ಒಳಗಿನ ತೇವವನ್ನು ಹಿಡಿದಿಡುವುದರಿಂದ ಇನ್ನೂ ಕೆಡುಕು. ಲೆನ್ಸುಗಳನ್ನು ಬಿಚ್ಚಿ ಸಿಲಿಕಾ ಜೆಲ್ ಇರುವ ಗಾಳಿಯಾಡದ ಡಬ್ಬಿಯಲ್ಲಿಡಬೇಕು. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಒಲೆಯಲ್ಲಿ ಒಣಗಿಸಿ ಮತ್ತೆ ಹಾಕಬೇಕು. ಹಾಗಾಗಿ ಉಪಕರಣದ ಪಟ್ಟಿಯಲ್ಲಿ ಡಿಹ್ಯುಮಿಡಿಫೈಯರ್ ಕೂಡ ಇರಲಿ. ಕರೆಂಟು ಹೋಗುವುದು, ಸಿಡಿಲು ಬಡಿಯುವುದು ನಮಗೆ ಹೊಸದಲ್ಲ. ಮೈನಸ್ 80 ಡಿಗ್ರಿಯ ಫ್ರೀಜರ್ ಕೇಳುವವರು ಅದರ ಸ್ಟೆಬಿಲೈಸರ್, ಬ್ಯಾಕಪ್, ಅರ್ಥಿಂಗ್ ಕೇಳದೆ ಇದ್ದರೆ ಒಂದು ಮಳೆಗಾಲದ ಮಾದರಿಗಳು ಒಂದೇ ರಾತ್ರಿ ಕರಗುತ್ತವೆ. ಮಂಜೂರಾದ ಮೇಲೆ ಇದನ್ನೆಲ್ಲ ಸೇರಿಸಲು ಹೋದರೆ ಕಷ್ಟ. ರಾಸಾಯನಿಕ, ಪ್ರಯಾಣದ ಬಾಬಿನ ಹಣವನ್ನು ಅನುದಾನ ಕೊಟ್ಟವರ ಲಿಖಿತ ಒಪ್ಪಿಗೆ ಇಲ್ಲದೆ ಉಪಕರಣದ ಬಾಬಿಗೆ ತಿರುಗಿಸುವಂತಿಲ್ಲ.

ಎಲ್ಲಕ್ಕಿಂತ ಹೆಚ್ಚು ಯೋಜನೆಗಳನ್ನು ನಮ್ಮ ಕಡೆ ಕೆಡಿಸುವುದು ಕ್ಯಾಲೆಂಡರ್. ಸರ್ಕಾರದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ, ನಮ್ಮ ಅಡಿಕೆ ರೋಗದ ವರ್ಷ ಜೂನ್‌ನಲ್ಲಿ ಶುರುವಾಗುತ್ತದೆ. ಮಂಗನ ಕಾಯಿಲೆಯದ್ದು ಇನ್ನೂ ಬೇರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ, ಉಣುಗು ಕಚ್ಚಿ ಹರಡುವ ಈ ಕಾಯಿಲೆ ಮಳೆ ನಿಂತ ಮೇಲೆ, ಮರಿ ಉಣುಗುಗಳು ತರಗೆಲೆಯ ಮೇಲೆ ಓಡಾಡುವ ಕಾಲದಲ್ಲಿ, ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇವರೆಗೆ ಕಾಣಿಸುತ್ತದೆ. ಬಿಳಿ ಬಟ್ಟೆ ಎಳೆದು ಉಣುಗು ಸಂಗ್ರಹಿಸುವವರು ನವೆಂಬರ್‌ಗೇ ಕಾಡಿನಲ್ಲಿರಬೇಕು. ಮಂಜೂರಾತಿ ಆದೇಶ ಜನವರಿಯಲ್ಲಿ ಬಂತೆನ್ನಿ. ಖಾತೆ ತೆರೆದು, ಸಂಶೋಧಕರ ಹುದ್ದೆಗೆ ಜಾಹೀರಾತು ಕೊಟ್ಟು, ಸಂದರ್ಶನ ಮುಗಿಸುವ ಹೊತ್ತಿಗೆ ಏಪ್ರಿಲ್ ಆಗಿರುತ್ತದೆ. ಆ ವರ್ಷದ ಉಣುಗು ಹೋಯಿತು. ಆದ್ದರಿಂದ ಕಾಲಪಟ್ಟಿಯನ್ನು 'ಮೊದಲ ಆರು ತಿಂಗಳು, ಎರಡನೆಯ ಆರು ತಿಂಗಳು' ಎಂದು ಸಾಲಾಗಿ ಬರೆಯದೆ ಋತು ಹಿಡಿದು ಬರೆಯಬೇಕು: ಆದೇಶ ಯಾವ ತಿಂಗಳು ಬಂದರೂ ಮೊದಲು ಸಿಗುವ ಋತುವಿನಿಂದ ಕ್ಷೇತ್ರಕಾರ್ಯ, ಅಲ್ಲಿಯವರೆಗೆ ಉಪಕರಣ ಖರೀದಿ, ಅನುಮತಿ, ತರಬೇತಿ. ಅರ್ಜಿ ಹಾಕಿ ಫಲಿತಾಂಶ ತಿಳಿಯಲು ಆರು ತಿಂಗಳಿಂದ ಒಂದು ವರ್ಷ ಹಿಡಿಯುವುದು ಮಾಮೂಲು.

ಅನುಮತಿ ಎಂದೆವಲ್ಲ. ಶರಾವತಿ ಕಣಿವೆ, ಶೆಟ್ಟಿಹಳ್ಳಿ ಅಭಯಾರಣ್ಯಗಳ ಒಳಗೆ ಸಂಶೋಧನೆಗೆ ಕಾಲಿಡಲು 1972ರ ವನ್ಯಜೀವಿ ಕಾಯ್ದೆಯ 28ನೇ ಕಲಮಿನಡಿ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಸ್ಥಳೀಯ ವಲಯ ಅರಣ್ಯಾಧಿಕಾರಿಗಳ ಪರಿಚಯ ಸಾಲದು. ಕಡತ ಬೆಂಗಳೂರಿನ ಅರಣ್ಯ ಭವನಕ್ಕೆ ಹೋಗಿ ಬರಬೇಕು. ಅನುದಾನದ ಅರ್ಜಿ ಹಾಕಿದ ವಾರವೇ ಇದನ್ನೂ ಹಾಕುವುದು ಕ್ಷೇಮ. ಮನುಷ್ಯರ ರಕ್ತದ ಮಾದರಿ ಇದ್ದರೆ ನೋಂದಾಯಿತ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಕಾಲೇಜಿನಲ್ಲಿ ಸಮಿತಿ ಇಲ್ಲದವರು ಹತ್ತಿರದ ವೈದ್ಯಕೀಯ ಕಾಲೇಜಿನವರನ್ನು ಸಹ ಸಂಶೋಧಕರಾಗಿ ಸೇರಿಸಿಕೊಳ್ಳುವುದೇ ಮೇಲು. ಮಂಗನ ಕಾಯಿಲೆಯ ಕ್ಯಾಸನೂರು ವೈರಾಣುವನ್ನೇ ಬೆಳೆಸುತ್ತೇವೆ ಎಂದು ಪದವಿ ಕಾಲೇಜಿನ ಲ್ಯಾಬಿನಿಂದ ಬರೆದರೆ ಆ ಅರ್ಜಿ ನಗೆಪಾಟಲು. ಅದಕ್ಕೆ ಉನ್ನತ ಜೈವಿಕ ಸುರಕ್ಷತೆಯ ಪ್ರಯೋಗಾಲಯ ಬೇಕು, ಪುಣೆಯ ವೈರಾಣು ಸಂಸ್ಥೆಯಂಥವರು ಜೊತೆಗಿರಬೇಕು. ಉಣುಗಿನ ಪರಿಸರ, ದನ ಮೇಯುವ ದಾರಿ, ತರಗೆಲೆ ಗುಡಿಸುವ ಅಭ್ಯಾಸ, ಮಂಗ ಸತ್ತ ಜಾಗದ ನಕ್ಷೆ ಇವೆಲ್ಲ ನಮ್ಮ ಕೈಯಳತೆಯೊಳಗಿನ ಒಳ್ಳೆಯ ಪ್ರಶ್ನೆಗಳು.

ಮಾನವಿಕದವರಿಗೆ ಹಣವಿಲ್ಲ ಎಂಬ ದೂರು ಪೂರ್ತಿ ಸರಿಯಲ್ಲ. ಕುವೆಂಪು ವಿಶ್ವವಿದ್ಯಾಲಯದಡಿಯ ಕೆಳದಿ ವಸ್ತುಸಂಗ್ರಹಾಲಯದಲ್ಲಿ ತಿಗಳಾರಿ ಲಿಪಿಯ ತಾಳೆಗರಿಗಳಿವೆ. ಹಸ್ತಪ್ರತಿಗಳಿಗಾಗಿ 2025-26ರ ಕೇಂದ್ರ ಬಜೆಟ್‌ನಲ್ಲಿ ಜ್ಞಾನ ಭಾರತಂ ಮಿಷನ್ ಪ್ರಕಟವಾಗಿದೆ. ಕಷ್ಟವಿರುವುದು ಅರ್ಜಿಯ ಭಾಷೆಯಲ್ಲಿ. ಕನ್ನಡದಲ್ಲಿ ಯೋಚಿಸುವವರು ಇಂಗ್ಲಿಷ್ ನಮೂನೆ ಎದುರಿಗಿಟ್ಟುಕೊಂಡು ಕೂತರೆ ವಾಕ್ಯ ಬಿಗಿದುಕೊಳ್ಳುತ್ತದೆ. ಮೊದಲು ಕನ್ನಡದಲ್ಲೇ ಎರಡು ಪುಟ ಬರೆದು, ಪ್ರಶ್ನೆ ಏನು, ಎಷ್ಟು ಗರಿ, ಯಾವ ಕ್ರಮ, ಕೊನೆಗೆ ಕೈಗೆ ಏನು ಸಿಗುತ್ತದೆ ಎಂಬುದು ತಿಳಿಯಾದ ಮೇಲೆ ಇಂಗ್ಲಿಷಿಗೆ ತರಲಿ.

ಹಣ ಬಂದ ಮೇಲಿನ ಫಜೀತಿ ಬೇರೆ. ಬಳಕೆ ಪ್ರಮಾಣಪತ್ರ, ನಾವು ಯುಸಿ ಎನ್ನುವುದು, ಕೇಂದ್ರದ ಸಾಮಾನ್ಯ ಹಣಕಾಸು ನಿಯಮದ (ಜಿಎಫ್‌ಆರ್) 12-ಎ ನಮೂನೆಯಲ್ಲಿ ಪ್ರತಿ ಹಣಕಾಸು ವರ್ಷಕ್ಕೂ ಹೋಗಬೇಕು. ಹಣ ಫೆಬ್ರವರಿಯಲ್ಲಿ ಬಂದು ಒಂದು ಪೈಸೆ ಖರ್ಚಾಗದಿದ್ದರೂ ಮಾರ್ಚ್ 31ರ ಲೆಕ್ಕ ಕೊಡಲೇಬೇಕು. ಹೆಚ್ಚಾಗಿ ತಪ್ಪುವುದು ಎರಡು ಕಡೆ. ಕಳೆದ ವರ್ಷದ ಉಳಿಕೆ ಈ ವರ್ಷದ ಆರಂಭಿಕ ಶಿಲ್ಕಿಗೆ ತಾಳೆಯಾಗುವುದಿಲ್ಲ. ಖರೀದಿ ಆದೇಶ ಕೊಟ್ಟದ್ದನ್ನೇ ಖರ್ಚೆಂದು ತೋರಿಸುತ್ತಾರೆ. ಆದೇಶ ಬಾಧ್ಯತೆ ಮಾತ್ರ, ಹಣ ಕೊಟ್ಟ ದಿನ ಖರ್ಚು. ಖಾತೆಯಲ್ಲಿ ಬಂದ ಬಡ್ಡಿ ಯೋಜನೆಯದ್ದಲ್ಲ, ಭಾರತಕೋಶ ಎಂಬ ಸರ್ಕಾರಿ ಪಾವತಿ ಪೋರ್ಟಲ್ ಮೂಲಕ ಕೇಂದ್ರದ ಸಂಚಿತ ನಿಧಿಗೆ ಮರಳಬೇಕು. ಯುಸಿ ಒಪ್ಪದೆ ಮುಂದಿನ ಕಂತು ಬರುವುದಿಲ್ಲ, ಕಂತು ಬರದೆ ಸಂಶೋಧಕರಿಗೆ ಫೆಲೋಶಿಪ್ ಇಲ್ಲ. ನಾಲ್ಕೈದು ತಿಂಗಳು ಸಂಬಳವಿಲ್ಲದೆ ದುಡಿದ ಹುಡುಗರು ಬೆಂಗಳೂರಿನ ಕಂಪನಿ ಸೇರಿಕೊಳ್ಳುತ್ತಾರೆ, ಅವರನ್ನು ದೂರುವಂತಿಲ್ಲ. ಖರೀದಿಯಲ್ಲಂತೂ ರಾಜ್ಯದ ವಿಶ್ವವಿದ್ಯಾಲಯಕ್ಕೆ 1999ರ ಪಾರದರ್ಶಕತೆ ಕಾಯ್ದೆ ಅನ್ವಯ, ಅನುದಾನದ ಷರತ್ತಿನಲ್ಲಿ ಕೇಂದ್ರದ ಹಣಕಾಸು ನಿಯಮ ಮತ್ತು ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್. ಯಾವುದು ಎಂದು ತಿಳಿಯದೆ ಕಡತ ಮೇಜಿನಿಂದ ಮೇಜಿಗೆ ಸುತ್ತುತ್ತದೆ. ಬೇಸತ್ತು ಒಂದೇ ಸಾಮಾನನ್ನು ಮೂರು ಬಿಲ್ಲಾಗಿ ಒಡೆಯುತ್ತಾರೆ. ಆಡಿಟರ್ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ.

ಆಡಳಿತಗಳಿಂದ ನಾವು ಕೇಳುವುದು ಮೂರು. ಅರ್ಜಿಗೆ ಸಂಸ್ಥೆ ಕೊಡುವ ಒಪ್ಪಿಗೆ ಪತ್ರದ ನಮೂನೆ ಅನುದಾನ ಕೊಡುವ ಏಜೆನ್ಸಿಯದ್ದೇ ಇರಬೇಕು, ಲೆಟರ್‌ಹೆಡ್, ಸಹಿ, ಮೊಹರು, ತಾರೀಖು ನಾಲ್ಕೂ ಇರಬೇಕು, ಮತ್ತು ಕೇಳಿದ ಏಳು ದಿನದಲ್ಲಿ ಸಿಗಬೇಕು. ಕುಲಸಚಿವರು ಪ್ರವಾಸದಲ್ಲಿದ್ದರೆ ಸಹಿ ಮಾಡುವ ಅಧಿಕಾರ ಇನ್ನೊಬ್ಬರಿಗೆ ಲಿಖಿತವಾಗಿ ಇರಬೇಕು. ಕೊನೆಯ ದಿನ ಪೋರ್ಟಲ್ ನಿಧಾನವಾಗುವುದು ಗೊತ್ತಿದ್ದೂ ಸಂಜೆ ನಾಲ್ಕಕ್ಕೆ ಸಹಿ ಕೊಟ್ಟರೆ ಕೊಡದಂತೆಯೇ. ಎರಡನೆಯದು, ಯೋಜನೆಗಳ ಯುಸಿ ನೋಡಲೆಂದೇ ಹಣಕಾಸು ವಿಭಾಗದಲ್ಲಿ ಒಬ್ಬರು ಗುಮಾಸ್ತರು ಬೇಕು. ವಿಶ್ವವಿದ್ಯಾಲಯದಲ್ಲಿ ಹಣಕಾಸು ಅಧಿಕಾರಿಯಾದರೂ ಇದ್ದಾರೆ. ಶೃಂಗೇರಿ, ಕೊಪ್ಪ, ಸಾಗರದ ಸರ್ಕಾರಿ ಕಾಲೇಜುಗಳಲ್ಲಿ ಪ್ರಾಂಶುಪಾಲರೇ ಎಲ್ಲ, ಅವರ ವರ್ಗಾವಣೆಯಾದರೆ ಬ್ಯಾಂಕಿನ ಸಹಿ ಬದಲಾಗುವವರೆಗೆ ಯೋಜನೆ ಸ್ತಬ್ಧ. ಅಂಥ ಖಾತೆಗಳಿಗೆ ಪ್ರಾಂಶುಪಾಲರ ಹೆಸರಲ್ಲ, ಹುದ್ದೆಯ ಹೆಸರಿರಲಿ, ಜೊತೆಗೆ ಎರಡನೆಯ ಸಹಿದಾರರೂ ಇರಲಿ. ಮೂರನೆಯದು, ಮಂಜೂರಾದ ಯೋಜನೆಯ ಪ್ರಧಾನ ಸಂಶೋಧಕರನ್ನು ಕ್ಷೇತ್ರಕಾರ್ಯದ ತಿಂಗಳುಗಳಲ್ಲಿ ಪರೀಕ್ಷಾ ಮೇಲ್ವಿಚಾರಣೆ, ಮೌಲ್ಯಮಾಪನಕ್ಕೆ ಎಳೆಯಬಾರದು.

ತಮ್ಮ ಪತ್ರಿಕೆಗೂ ಒಂದು ಕೋರಿಕೆ. ವಾರಕ್ಕೊಮ್ಮೆ ಬರುವ ಶಿಕ್ಷಣ ಪುಟದಲ್ಲಿ ಉದ್ಯೋಗದ ಜಾಹೀರಾತುಗಳ ಪಕ್ಕ ನಾಲ್ಕು ಸಾಲಿನ ಜಾಗ ಕೊಡಿ: ಯಾವ ಅನುದಾನಕ್ಕೆ ಅರ್ಜಿ ಕರೆದಿದ್ದಾರೆ, ಯಾರು ಹಾಕಬಹುದು, ಕೊನೆಯ ದಿನ ಯಾವುದು. ಕೊನೆಯ ದಿನಕ್ಕೆ ಕನಿಷ್ಠ ಮೂರು ವಾರ ಮುಂಚೆ ಬರಲಿ. ಒಪ್ಪಿಗೆ ಪತ್ರದ ಕಡತ ಹೋಗಿ ಬರಲು ಈಗ ಹಿಡಿಯುವುದು ಅಷ್ಟು ದಿನ.

ಇಬ್ಬರು ಅಧ್ಯಾಪಕರು
ಶಿವಮೊಗ್ಗ